ಭೀಮೆ ದಾಟಿ ಬಂದವರಿಗೆ
ಇಜೇರಿ ಕಡೆಯವರು ದಿನದ ಸಾಮಾನಿಗೆ ಜೇವರ್ಗಿಗೆ ಹೋಗುತ್ತಾರೆ. ಮದುವೆ ಜವಳಿ, ಬಂಗಾರ ಎಂದರೆ ಕಟ್ಟಿಸಂಗಾವಿ ಬಳಿ ಭೀಮೆ ದಾಟಿ ಕಲಬುರಗಿಗೇ ಬರಬೇಕು. ಸೂಪರ್ ಮಾರ್ಕೆಟ್‌ನಲ್ಲಿ ಖರೀದಿ ಮುಗಿಸಿ, ಹಸಿದ ಹೊಟ್ಟೆಯಲ್ಲೇ ವಾಪಸ್ ಬಸ್ಸು ಹತ್ತುವವರೇ ಹೆಚ್ಚು. ಹಾಗೆ ಹೋಗಬಾರದು. ನಗರದ ಬೀದಿಗಳಲ್ಲಿ ಸಣ್ಣ ಖಾನಾವಳಿಗಳಿವೆ: ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಜೊತೆಗೆ ಹಸಿ ಉಳ್ಳಾಗಡ್ಡಿ. ಬಡಿಸುವವರು ಕೈ ಬಿಗಿ ಹಿಡಿಯುವುದಿಲ್ಲ. ನನಗೆ ಅದೇ ದೊಡ್ಡ ಊಟ. ಬೆಳಿಗ್ಗೆಯೇ ಬಂದಿಳಿದರೆ ತಹರಿ ಸಿಗುತ್ತದೆ. ಖೋವಾ ತುಂಬಿದ ಮಾಲ್‌ಪುರಿಯನ್ನಂತೂ ಬಿಡಲೇಬೇಡಿ. ಬಂದೇನವಾಜ್ ದರ್ಗಾಕ್ಕೂ ಶರಣಬಸವೇಶ್ವರ ಗುಡಿಗೂ ಜನ ಬರುವ ಈ ಊರಿನಲ್ಲಿ ಸಿಹಿಗೆ ಜಾತಿಯಿಲ್ಲ. ಮನೆಗೆ ಒಯ್ಯಲು ತೊಗರಿಬೇಳೆ ಇದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ನಮ್ಮ ಹೊಲದ ತೊಗರಿ ಇಲ್ಲಿಯ ದಾಲ್ ಮಿಲ್ಲಿನಲ್ಲಿ ಬೇಳೆಯಾಗಿ, ದೂರದ ಊರಿನ ಹೆಸರಿನ ಚೀಲದಲ್ಲಿ ನಮಗೇ ಮರಳಿ ಬರುವುದು ನನಗೆ ಸಂಕಟದ ಸಂಗತಿ. ಆದರೆ ಇತ್ತೀಚೆಗೆ ಜಿಲ್ಲೆಯ ಮಹಿಳಾ ಸಂಘಗಳು ಬಡಿಯುವ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿದೆ. ಸುಡು ಬಿಸಿಲಿನ ನಾಡಿನಲ್ಲಿ ಒಲೆಯ ಮುಂದೆ ಕುಳಿತ ಹೆಣ್ಣುಮಕ್ಕಳ ದುಡಿಮೆಗೆ ಅದರಿಂದ ನೇರ ಬೆಲೆ ಸಿಗುತ್ತದೆ. ಮುಂದಿನ ಸಲ ಸಂತೆಗೆ ಬಂದಾಗ ಗರಿಗರಿ ಕಟಕ ರೊಟ್ಟಿಯ ಒಂದು ಕಟ್ಟನ್ನಾದರೂ ಅವರಿಂದಲೇ ಕೊಳ್ಳಿ.