ಹರವೆ ಹೈಕಳು ಜಯನಗರಕ್ಕೆ ಹೊರಟರೆ...



ಈ ವಾರದ ಟಪಾಲಿನಲ್ಲಿ ನಮ್ಮ ಹರವೆಯಿಂದಲೇ ಒಂದು ಕಾಗದ. ಐದು ಜನ ಹೈಕಳು ಸೇರಿ ರುಜು ಹಾಕಿದ್ದಾರೆ. "ಅಣ್ಣೋ, ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಹೊರಟೀವಿ. ಮೆಜೆಸ್ಟಿಕ್ಕು, ವಿಧಾನಸೌಧ ಎಲ್ಲಾ ನೋಡಾಗದೆ. ಈ ಸಲ ಜಯನಗರ ನೋಡ್ಬೇಕು. ದೊಡ್ ಮನ್ಸರು ಇರೋ ಜಾಗ, ಪಾರ್ಕು, ಅಂಗ್ಡಿ ಎಲ್ಲಾ ಜೋರಂತೆ. ಎಂಗೋಗ್ಬೇಕು, ಏನ್ ನೋಡ್ಬೇಕು, ಜೇಬಲ್ಲಿ ಎಷ್ಟ್ ಮಡಿಕ್ಕೊಂಡಿರ್ಬೇಕು? ನಮ್ ಬಟ್ಟೆಬರೆ ನೋಡಿ ಅಲ್ಲಿ ಯಾರಾರ ನಗ್ತಾರಾ?"

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಬಸ್ಸು-ರೈಲಿನ ಮಾತು, ಅದನ್ನು ಕಂಡಕ್ಟರೂ ಹೇಳಿಯಾನು. "ನಗ್ತಾರಾ" ಅನ್ನೋದಕ್ಕೆ ಉತ್ತರ ಹೇಳುವವರು ಬೇಕಲ್ಲ ಸ್ವಾಮಿ!

ಓಣಂ ಹತ್ತಿರ ಬಂದಾಗ ಗುಂಡ್ಲುಪೇಟೆ ಹೆದ್ದಾರಿಯಲ್ಲಿ ನಿಂತು ನೋಡಿದ್ದೀರಿ ತಾನೆ? ಕೇರಳದ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಇಳಿದು ನಮ್ಮ ಚೆಂಡು ಹೂವಿನ ಹೊಲಕ್ಕೆ, ಸೂರ್ಯಕಾಂತಿ ಹೊಲಕ್ಕೆ ನುಗ್ಗುತ್ತಾರೆ. ಫೋಟೋ ಹಿಡಿಯೋಕೆ ದುಡ್ಡು ಇಸ್ಕೊಳ್ಳುವ ರೈತರೂ ಇದ್ದಾರೆ. ಬೆಂಗಳೂರಿನ ಕಾರುಗಳೂ ಅಷ್ಟೆ, ಬಂಡೀಪುರಕ್ಕೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಶನಿವಾರ ಬಂತೆಂದರೆ ಸಾಲು ಸಾಲು. ಮೆಟ್ಟು ಕೆಸರಾಯಿತು ಎಂದು ಅವರು ಒಂಟಿ ಕಾಲಲ್ಲಿ ಕುಣಿಯುವಾಗ ನಾವು ನಕ್ಕೆವಾ? ದಾರಿ ಕೇಳಿದರೆ ಹೇಳಿದೆವು, ನೀರು ಕೇಳಿದರೆ ಕೊಟ್ಟೆವು. ಅವರು ನಮ್ಮ ಹೂ ನೋಡೋಕೆ ಬರುತ್ತಾರೆ. ನಾವು ಅವರ ತೋಟ ನೋಡೋಕೆ ಹೋಗುತ್ತೇವೆ. ಲೆಕ್ಕ ಸಮ!

ಇನ್ನೊಂದು ಮಾತು. 'ಜಯನಗರ' ಎಂಬ ಹೆಸರು ಎಲ್ಲಿಂದ ಬಂತು? ಜಯಚಾಮರಾಜ ಒಡೆಯರಿಂದ. ನಮ್ಮ ಚಾಮರಾಜನಗರಕ್ಕೆ ಮೊದಲು ಅರಿಕುಠಾರ ಎಂದಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ, ಅಲ್ಲೇ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನು ಊರಿಗೆ ಇಟ್ಟರು. ಎರಡೂ ಒಂದೇ ಮನೆತನದ ಹೆಸರು. ಅದರಲ್ಲೂ ನಮ್ಮದು 130 ವರ್ಷ ಹಿರಿಯದು. ಆ ಬಡಾವಣೆಗೆ ಕಲ್ಲು ನೆಟ್ಟದ್ದು 1948ರಲ್ಲಿ, ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಕೈಯಲ್ಲಿ. ಅಲ್ಲಿನ ಅಶೋಕ ಸ್ತಂಭ ಅದರ ಗುರುತು. ಹಿರಿಯ ಊರಿನಿಂದ ಕಿರಿಯ ಊರಿಗೆ ಹೊರಟ ನಂಟರು ನೀವು, ತಲೆ ತಗ್ಗಿಸಬೇಕಾಗಿಲ್ಲ.

ಈಗ ದಾರಿ. ಹರವೆಯಿಂದ ಚಾಮರಾಜನಗರಕ್ಕಾದರೂ ಹೋಗಿ, ಗುಂಡ್ಲುಪೇಟೆಗಾದರೂ ಹೋಗಿ. ಎರಡು ದಾರಿಯೂ ನಂಜನಗೂಡಿನಲ್ಲಿ ಕೂಡಿ ಮೈಸೂರು ಸೇರುತ್ತವೆ. ರೈಲಿನ ಆಸೆಯಿದ್ದರೆ ಚಾಮರಾಜನಗರ ಸ್ಟೇಷನ್ ಹಿಡಿಯಿರಿ. ಮೈಸೂರಿನಿಂದ ಬೆಂಗಳೂರಿಗೆ ಬಸ್ಸೂ ರೈಲೂ ಹೊತ್ತು ಹೊತ್ತಿಗೆ ಉಂಟು. ಕೋಳಿ ಕೂಗೋ ಮುಂಚೆ ಎದ್ದರೆ ಒಂದೇ ದಿನದಲ್ಲಿ ಮುಟ್ಟಿ ಬರಬಹುದು, ಆದರೆ ಅದು ಓಟದ ಪಂದ್ಯ ಆಗುತ್ತೆ, ಪ್ರವಾಸ ಆಗಲ್ಲ. ಒಂದು ರಾತ್ರಿ ಉಳಿಯುವ ಹಾಗೆ ಯೋಚಿಸಿ. ಮೆಜೆಸ್ಟಿಕ್ಕಿಗೆ ಬಂದು ಮೆಟ್ರೋದ ಹಸಿರು ಮಾರ್ಗ ಹಿಡಿದರೆ ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ನಾಲ್ಕನೆಯದು ಲಾಲ್‌ಬಾಗ್, ಐದನೆಯದು ಸೌತ್ ಎಂಡ್ ಸರ್ಕಲ್, ಆರನೆಯದು ಜಯನಗರ. 2017ರ ಜೂನ್‌ನಿಂದ ಈ ದಾರಿ ಓಡುತ್ತಿದೆ. ಆಟೋದವರ ಜೊತೆ ಜಗಳ ತಪ್ಪಿತು! ಟಿಕೆಟ್ ದರ ನಾನು ಬರೆಯಲ್ಲ. ಪುಸ್ತಕ ನಿಮ್ಮ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬದಲಾದರೆ ನನ್ನನ್ನೇ ಬೈತೀರಿ.

ಮೊದಲು ಲಾಲ್‌ಬಾಗಿನಲ್ಲಿ ಇಳಿಯಿರಿ. ಜಯನಗರದ ಬಾಗಿಲಲ್ಲೇ ಇದೆ. 240 ಎಕರೆ ತೋಟ. 1760ರಲ್ಲಿ ಹೈದರಾಲಿ ಶುರು ಮಾಡಿದ್ದು. ಕೆಂಪೇಗೌಡರ ಗೋಪುರ ಹೊತ್ತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ನಮ್ಮ ಹೀರೋಗಳು ಎಷ್ಟು ಜನ ಹತ್ತಿ ಇಳಿದರೂ ಅದಕ್ಕೆ ಇಷ್ಟೂ ಗೊತ್ತಾಗಿರಲಿಕ್ಕಿಲ್ಲ! 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯನ್ನು ಸಿನಿಮಾ ಹಾಡುಗಳಲ್ಲಿ ನೋಡಿಯೇ ಇರುತ್ತೀರಿ. ಆಗಸ್ಟ್ ತಿಂಗಳು ಆರಿಸಿಕೊಂಡದ್ದು ಬಲು ಚೆನ್ನಾಯಿತು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದು ಆ ಗಾಜಿನ ಮನೆಯಲ್ಲೇ.

ಆ ಪ್ರದರ್ಶನದ ಒಂದು ಸಂಗತಿ ನಮ್ಮ ಸೀಮೆಯ ಪ್ರತಿಯೊಬ್ಬ ಅಭಿಮಾನಿಗೂ ಗೊತ್ತಿರಬೇಕು. 2022ರ ಆಗಸ್ಟ್‌ನಲ್ಲಿ ಅದನ್ನು ಡಾ. ರಾಜ್‌ಕುಮಾರ್ ಮತ್ತು ಪುನೀತ್ ಅವರ ನೆನಪಿಗೆ ಮೀಸಲಿಟ್ಟಿದ್ದರು. ಅಲ್ಲಿ ಗಾಜನೂರಿನ ಅಣ್ಣಾವ್ರ ಮನೆಯನ್ನು ಹೂವಿನಲ್ಲಿ ಕಟ್ಟಿ ನಿಲ್ಲಿಸಿದ್ದರು. ಗಾಜನೂರು ಎಲ್ಲಿದೆ? ಚಾಮರಾಜನಗರ ಬಿಟ್ಟು ಗಡಿ ದಾಟಿದರೆ ತಾಳವಾಡಿ ಸೀಮೆಯಲ್ಲಿ. ಲೆಕ್ಕಕ್ಕೆ ತಮಿಳುನಾಡಿನ ಈರೋಡ್ ಜಿಲ್ಲೆ, ಮಾತಿಗೆ ನಮ್ಮ ಮಗ್ಗುಲ ಊರು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅಣ್ಣಾವ್ರನ್ನು ಕರೆದೊಯ್ದದ್ದೂ ಆ ಗಾಜನೂರಿನಿಂದಲೇ. 108 ದಿನ ನಾಡಿಗೆ ನಾಡೇ ಕಾದು ಕುಳಿತಿತ್ತು. ಆ ಊರಿನ ಹೆಂಚಿನ ಮನೆಯನ್ನು ನೋಡಲು ಬೆಂಗಳೂರಿನ ಜನ ಟಿಕೆಟ್ ತೆಗೆದುಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಲು ನಿಂತರು. ಅಂಥ ಹೆಂಚಿನ ಮನೆಗಳಲ್ಲೇ ಹುಟ್ಟಿ ಬೆಳೆದವರು, ನಿಮ್ಮನ್ನು ನೋಡಿ ಯಾರು ನಗುತ್ತಾರೆ ಹೇಳಿ?

ಅಲ್ಲಿಂದ ಜಯನಗರ. ವಿಳಾಸ ಹುಡುಕುವಾಗ ಬ್ಲಾಕು, ಮೈನು, ಕ್ರಾಸು ಎಂಬ ಮೂರು ಮಾತು ನೆನಪಿಟ್ಟರೆ ಸಾಕು, ನಮ್ಮೂರಿನಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಅನ್ನೋ ಹಾಗೆ. ಮರಗಳ ನೆರಳಿನಲ್ಲೇ ನಡೆಯಬಹುದು, ಮಾಧವನ್ ಪಾರ್ಕಿನಂಥ ಉದ್ಯಾನಗಳೂ ಇವೆ. ಮನೆಗಳನ್ನು ರಸ್ತೆಯಿಂದ ನೋಡಿ, ಗೇಟಿನ ಮುಂದೆ ಗುಂಪು ಕಟ್ಟಿ ನಿಲ್ಲಬೇಡಿ. ಪಾರ್ಕಿನಲ್ಲಿ ಕೂರೋಕೆ ಮಾತ್ರ ಯಾರಪ್ಪನ ಅಪ್ಪಣೆಯೂ ಬೇಡ, ಅದು ಎಲ್ಲರದು. ಆದರೆ ಬೆಂಚಿನ ಮೇಲೆ ಒಬ್ಬರೇ ಕುಳಿತ ಹಿರಿಯರು ಕಂಡರೆ ಅವರನ್ನೂ ನೋಡಿ. 'ರಾಮಾ ರಾಮಾ ರೇ' ತೆಗೆದ ಸತ್ಯಪ್ರಕಾಶ್ ಅದಕ್ಕೂ ಮುಂಚೆ 'ಜಯನಗರ ಫೋರ್ತ್ ಬ್ಲಾಕ್' ಎಂಬ ಕಿರುಚಿತ್ರ ಮಾಡಿದ್ದರು. ಅದರಲ್ಲಿ ದತ್ತಣ್ಣನವರದು ಒಂಟಿತನದ ಮುದುಕನ ಪಾತ್ರ. ದೊಡ್ಡ ಬಡಾವಣೆಯಲ್ಲಿ ಎಲ್ಲವೂ ಇದೆ, ಮಾತಾಡೋಕೆ ಜನ ಇಲ್ಲ! ನಮ್ಮ ಊರಿನ ಅರಳಿಕಟ್ಟೆಯ ಬೆಲೆ ಅಲ್ಲಿ ಕುಳಿತಾಗ ಗೊತ್ತಾಗುತ್ತೆ. ಯಾರಾದರೂ ಅಜ್ಜ "ಯಾವೂರಪ್ಪಾ" ಎಂದು ಕೇಳಿದರೆ ನಿಂತು ಎರಡು ಮಾತು ಆಡಿ. "ಹರವೆ" ಅನ್ನಿ. "ಎಲ್ಲಿದೆ" ಅಂದರೆ "ಅಣ್ಣಾವ್ರ ಸೀಮೆ" ಅನ್ನಿ, ಸಾಕು.

ಇನ್ನು ಅಂಗಡಿ. ಫೋರ್ತ್ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನ ಸುತ್ತ ತಿರುಗಿದರೆ ಹೊತ್ತು ಹೋಗಿದ್ದೇ ತಿಳಿಯಲ್ಲ. ಸೀರೆ, ಹೂ, ಚಪ್ಪಲಿ, ಬೆಲ್ಟು, ಕೂಲಿಂಗ್ ಗ್ಲಾಸು! ಗಾಜಿನ ಬಾಗಿಲ ಅಂಗಡಿಯಲ್ಲಿ ಚೀಟಿಯಲ್ಲಿದ್ದಷ್ಟೇ ಬೆಲೆ, ಫುಟ್‌ಪಾತಿನಲ್ಲಿ ಬಾಯಿದ್ದವನದೇ ಬೆಲೆ. ತೆರಕಣಾಂಬಿ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಎತ್ತಿನ ವ್ಯಾಪಾರ ಮಾಡಿದವರ ಮಕ್ಕಳಿಗೆ ನಾನು ಚೌಕಾಸಿ ಹೇಳಿಕೊಡಬೇಕೆ? ಒಂದೇ ಮಾತು: ಅಲ್ಲಿ ಹಾಕಿಕೊಂಡು ತಿರುಗೋಕೆ ಅಂತ ಇಲ್ಲಿ ಸಾಲ ಮಾಡಿ ಶರ್ಟು ಹೊಲಿಸಬೇಡಿ. ಒಗೆದು ಇಸ್ತ್ರಿ ಮಾಡಿದ ಅಂಗಿಗಿಂತ ದೊಡ್ಡ ಫ್ಯಾಷನ್ ಇಲ್ಲ. ದುಡ್ಡನ್ನು ಮೂರು ಪಾಲು ಮಾಡಿ. ಹೋಗೋಕೆ, ಉಣ್ಣೋಕೆ, ಹಿಂದಕ್ಕೆ ಬರೋಕೆ. ಮೂರನೇ ಪಾಲು ಒಳಜೇಬಿನಲ್ಲಿ ಪಿನ್ನು ಹಾಕಿ ಇಡಿ. ಎಂಥ ಕೂಲಿಂಗ್ ಗ್ಲಾಸು ಕಂಡರೂ ಆ ಪಿನ್ನು ತೆಗೆಯಬಾರದು!

ಕಾಂಪ್ಲೆಕ್ಸಿಗೆ ಹೋದಾಗ ಒಂದು ನಿಮಿಷ ನಿಲ್ಲಿ. ಒಂದು ಕಾಲದಲ್ಲಿ ಅಲ್ಲೇ 'ಪುಟ್ಟಣ್ಣ' ಚಿತ್ರಮಂದಿರ ಇತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಬಂದ ಪುಟ್ಟಣ್ಣ ಕಣಗಾಲರ ಹೆಸರು ಹೊತ್ತ ಟಾಕೀಸು. ಅದನ್ನು ಕೆಡವಿದರು, ಈಗಿಲ್ಲ. ಜಯನಗರದಲ್ಲೇ ಬಸ್ಸಿನ ಡಿಪೋ ಒಂದಿದೆ, ನಾಲ್ಕನೇ ನಂಬರಿನದು. 2023ರ ಆಗಸ್ಟ್ 29ರಂದು ಆ ಡಿಪೋಗೆ ಯಾರಿಗೂ ಹೇಳದೆ ಕೇಳದೆ ಒಬ್ಬರು ಬಂದಿಳಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೆಲ್ಲ ಕಣ್ಣುಜ್ಜಿಕೊಂಡು ನೋಡಿದರೆ ರಜನಿಕಾಂತ್! ತಾನು ಕಂಡಕ್ಟರಾಗಿ ದುಡಿದ ಡಿಪೋ ನೋಡೋಕೆ ಬಂದಿದ್ದರು. ಆ ಕಂಡಕ್ಟರನ ಕೈಗೆ 1976ರ 'ಕಥಾಸಂಗಮ'ದಲ್ಲಿ ಕನ್ನಡದ ಪಾತ್ರ ಕೊಟ್ಟವರು ಅದೇ ಪುಟ್ಟಣ್ಣ. ಬಂಗಲೆ ಮಾತ್ರ ನೋಡಿ ಬಂದವನು ಅರ್ಧ ಜಯನಗರ ನೋಡಿದ ಹಾಗೆ. ಇನ್ನರ್ಧ ಡಿಪೋದಲ್ಲಿದೆ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಸೀಮೆಯ ಇನ್ನೊಬ್ಬ ಹುಡುಗ ಪ್ರತ್ಯೇಕವಾಗಿ ಒಂದು ಕಾಗದ ಹಾಕಿದ್ದಾನೆ. ಊರು, ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕಲ್ಲ. "ನಾನೂ ಬೆಂಗಳೂರು ನೋಡೋಕೆ ಅಂತ ಹೊರಡ್ತೀನಿ ಸಾರ್, ಆದ್ರೆ ಹಿಂದಕ್ಕೆ ಬರಲ್ಲ. ಚೆಂಡು ಹೂ ಮಾರಿದ ದುಡ್ಡದೆ. ಸಿನಿಮಾದಲ್ಲಿ ಚಾನ್ಸ್ ಕೊಡಿಸ್ತೀನಿ ಅಂತ ಒಬ್ರು ಫೋಟೋ ಆಲ್ಬಮ್ಮಿಗೆ ದುಡ್ಡು ಕೇಳವ್ರೆ."

ತಮ್ಮಾ, ನಿಲ್ಲು. ಚಾನ್ಸ್ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಇದೊಂದು ಮಾತನ್ನು ಎದೆಯ ಮೇಲೆ ಹಚ್ಚೆ ಹಾಕಿಸಿಕೋ. ಆ ಹೂ ಬಣ್ಣದ ಕಾರ್ಖಾನೆಗೆ ಹೋಗೋ ಮುಂಚೆ ಎಷ್ಟು ಬೆನ್ನು ಬಗ್ಗಿದವು ಎಂಬುದು ನಿನಗೇ ಗೊತ್ತು.

ರಜನಿ ಕಂಡಕ್ಟರ್ ಕೆಲಸ ಬಿಟ್ಟು ನೇರ ಬೆಳ್ಳಿತೆರೆಗೆ ಹಾರಲಿಲ್ಲ. ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತರು, ಆಮೇಲೆ 1975ರಲ್ಲಿ ಬಾಲಚಂದರ್ ಚಿತ್ರ. ಅಣ್ಣಾವ್ರು? ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಸಣ್ಣ ಪುಟ್ಟ ವೇಷ ಕಟ್ಟುತ್ತಾ ಬೆಳೆದರು. 'ಬೇಡರ ಕಣ್ಣಪ್ಪ' ಬಂದದ್ದು 1954ರಲ್ಲಿ, ಮುತ್ತುರಾಜನಿಗೆ 25 ತುಂಬುವಾಗ. ಅಷ್ಟು ವರ್ಷ ಅವರ ಶಾಲೆ ರಂಗಸ್ಥಳ. ನಿನಗೂ ಶಾಲೆ ಉಂಟು. ಊರಿನ ಹಬ್ಬಕ್ಕೆ ಆಡುವ ಪೌರಾಣಿಕ ನಾಟಕದಲ್ಲಿ ಮೊದಲು ಬಣ್ಣ ಹಚ್ಚು. ಮೈಸೂರಿಗೆ ಹೋದರೆ ರಂಗಾಯಣ ಇದೆ, ಅಲ್ಲಿ ನಾಟಕ ನೋಡು, ಕಲಿಯುವ ದಾರಿ ಕೇಳು. ಹೆಗ್ಗೋಡಿನಲ್ಲಿ ನೀನಾಸಂ ಇದೆ. ಮಂಡ್ಯ ಸೀಮೆಯ ಹಳ್ಳಿಯಿಂದ ಬಂದ ಸತೀಶ್ ಆ ಶಾಲೆಯ ಹೆಸರನ್ನು ತಮ್ಮ ಹೆಸರಿಗೇ ಕಟ್ಟಿಕೊಂಡಿದ್ದಾರೆ. ಜಯನಗರಕ್ಕೆ ಹೋಗು, ನೋಡು, ಬಾ. ನೋಡುವವನಾಗಿ ಹೋಗು, ಬೇಡುವವನಾಗಿ ಹೋಗಬೇಡ. ಕಲಿತ ಮೇಲೆ ಹೋಗೋ ದಿನ ಬಂದರೆ ಆ ದಿನ ಅಪ್ಪ-ಅವ್ವನಿಗೆ ಹೇಳಿಯೇ ಹೊರಡಬಹುದು, ಕದ್ದು ಹೋಗಬೇಕಾಗಿಲ್ಲ.

ಎಲ್ಲರಿಗೂ ಸೇರಿ ಇನ್ನೊಂದು ಮಾತು, ಬೈಯಬೇಡಿ. ಹೈಕಳ ಟೂರಿಗೆ ಅವ್ವಂದಿರನ್ನೂ ಕರೆದುಕೊಂಡು ಹೋದರೆ ಹೇಗೆ? 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ, ದುಡ್ಡು ಕೊಡಬೇಕಾದವರು ನಾವು ಗಂಡಸರೇ! ಜೀವಮಾನವೆಲ್ಲ ಹೂ ಕಿತ್ತು ಮೂಟೆ ಕಟ್ಟಿದ ಕೈ ಅವರದು. ಒಂದು ದಿನ ಏನನ್ನೂ ಕೀಳದೆ, ಸುಮ್ಮನೆ ಕೈ ಕಟ್ಟಿಕೊಂಡು ಗಾಜಿನ ಮನೆಯ ಹೂ ನೋಡುತ್ತಾ ನಿಲ್ಲಲಿ. "ಈ ಹೂಗೆ ಕೇಜಿಗೆ ಏಟಂತ್ಲಾ?" ಎಂದು ಕೇಳೇ ಕೇಳುತ್ತಾರೆ, ನಗಬೇಡಿ.

ಮಾರನೇ ದಿನ ಬಿಡುವಿದ್ದರೆ ಅದೇ ಹಸಿರು ಮಾರ್ಗದಲ್ಲಿ ಯಶವಂತಪುರ ದಾಟಿ ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೋ ಹಿಡಿಯಿರಿ. ಕಂಠೀರವ ಸ್ಟುಡಿಯೋ ಆವರಣದಲ್ಲಿ 2006ರ ಏಪ್ರಿಲ್‌ನಲ್ಲಿ ನಮ್ಮನ್ನು ಬಿಟ್ಟು ಹೋದ ಅಣ್ಣಾವ್ರು, 2021ರ ಅಕ್ಟೋಬರ್‌ನಲ್ಲಿ ಹೋದ ಅಪ್ಪು, ಅಪ್ಪ ಮಗ ಇಬ್ಬರ ಸಮಾಧಿಯೂ ಇದೆ. ಹೂವಿಗೆ ಅಲ್ಲಿ ದುಡ್ಡು ಕೊಡೋದೇಕೆ? ನಮ್ಮ ಹೊಲದ್ದೇ ಒಂದು ಹಿಡಿ ಚೆಂಡು ಹೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಅಣ್ಣಾವ್ರಿಗೆ ತಮ್ಮ ಸೀಮೆಯ ಹೂ ಗುರುತು ಸಿಗದೆ ಇದ್ದೀತೆ?

ಹೋಗಿ ಬಂದು ಬರೆಯಿರಿ.