ಮೂರು ದಿನದ ತೋಟ ಬೇಡ, ಮೂರು ತಿಂಗಳ ತೋಟ ಬೇಕು

ಈ ವರ್ಷ ಫಲಪುಷ್ಪ ಪ್ರದರ್ಶನಕ್ಕೆ ನಮ್ಮ ಕಾಲೇಜು ಹೋಗಬೇಕೋ ಬೇಡವೋ ಎಂಬ ಚರ್ಚೆ ಇಕೋ ಕ್ಲಬ್‌ನಲ್ಲಿ ಎರಡು ವಾರದಿಂದ ನಡೆದಿದೆ. "ಹೋದ ವರ್ಷದ ಅವಮಾನ ಸಾಕು" ಎಂದು ಕೆಲವರು. "ಹುಬ್ಬಳ್ಳಿಯ ಡೆಕೋರೇಶನ್‌ನವರಿಗೆ ಕೊಟ್ಟುಬಿಡೋಣ, ಬಹುಮಾನ ಗ್ಯಾರಂಟಿ" ಎಂದು ಇನ್ನು ಕೆಲವರು. ನನಗೆ ಎರಡೂ ಸರಿ ಅನ್ನಿಸುತ್ತಿಲ್ಲ. ಹೋದ ವರ್ಷ ಲೆಕ್ಕ ಬರೆದವಳು ನಾನೇ ಆದ್ದರಿಂದ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಮಗೆ ಸಿಕ್ಕಿದ್ದು ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ. ನರ್ಸರಿಯಿಂದ ಹುಲ್ಲುಹಾಸು ತಂದು ಹಾಸಿದೆವು. ಹಸಿರು ಸ್ಪಂಜಿನಲ್ಲಿ ಹೂ ಚುಚ್ಚಿ ಕಮಾನು ಮಾಡಿದೆವು. ಹಿಂದಿನ ಸಂಜೆಯಷ್ಟೇ ನೆಲದಿಂದ ಕಿತ್ತ ಸೇವಂತಿಗೆ ಗಿಡಗಳನ್ನು ಕುಂಡಕ್ಕೆ ಇಳಿಸಿ ಗಾಡಿಗೆ ಏರಿಸಿದೆವು. ಮೊದಲ ದಿನ ಎಲ್ಲರೂ ಸೆಲ್ಫಿ ತೆಗೆದುಕೊಂಡರು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಬೇರು ಹರಿದ ಗಿಡಗಳು ತಲೆ ಬಾಗಿಸಿದವು, ಕಮಾನಿನ ಹೂ ಕಂದಿತು. ಮೂರನೇ ದಿನ ನಾವು ತೋಟದ ಮುಂದೆ ನಿಲ್ಲದೆ ಪಕ್ಕದ ತರಕಾರಿ ಕೆತ್ತನೆಯ ಹತ್ತಿರ ನಿಂತಿದ್ದೆವು.

ಖರ್ಚು ಹೀಗಿತ್ತು: ಹೂವು ಮತ್ತು ಗಿಡ 2,600, ಗಾಡಿ ಬಾಡಿಗೆ 1,800, ಹುಲ್ಲುಹಾಸು 1,100, ಸ್ಪಂಜು 900, ಬ್ಯಾನರ್ 600. ಒಟ್ಟು 7,000 ರೂಪಾಯಿ. ಇದರಲ್ಲಿ ಇವತ್ತು ಕಾಲೇಜಿನಲ್ಲಿ ಉಳಿದಿರುವುದು ಬ್ಯಾನರ್ ಒಂದೇ. ಅದನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ಮಳೆಗೆ ಅಡ್ಡ ಕಟ್ಟಿದ್ದಾರೆ.

ಆದರೆ ನನಗೆ ನಾಚಿಕೆಯಾದದ್ದು ಬಾಡಿದ ಹೂವಿನಿಂದಲ್ಲ. ಪಟಗಾ ಸುತ್ತಿದ ವಯಸ್ಸಾದ ರೈತರೊಬ್ಬರು ಬಂದು ಹುಲ್ಲುಹಾಸನ್ನು ಮುಟ್ಟಿ ನೋಡಿ, "ಇದು ನಿಮ್ಮ ಊರಾಗ ಬೆಳಿತೈತೇನಬೇ ಯವ್ವಾ?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ನಮ್ಮ ತೋಟದಲ್ಲಿದ್ದ ಒಂದು ಗಿಡವೂ ರೋಣದ್ದಾಗಿರಲಿಲ್ಲ, ಗಜೇಂದ್ರಗಡದ್ದೂ ಅಲ್ಲ, ನರಗುಂದದ್ದೂ ಅಲ್ಲ.

ನಾವು ನಕಲು ಮಾಡಲು ಹೋದದ್ದು ಲಾಲ್‌ಬಾಗ್ ಅನ್ನು. ಅಲ್ಲಿ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ ಪ್ರದರ್ಶನ ನಡೆಯುತ್ತದೆ. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್, 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ, ಅದೇ ವರ್ಷದ ಆಗಸ್ಟ್‌ನಲ್ಲಿ ಅಂಬೇಡ್ಕರ್ ಅಲ್ಲಿನ ವಿಷಯವಾಗಿದ್ದರು. ನಾವು ಮೊಬೈಲಿನಲ್ಲಿ ನೋಡುವುದು ಗಾಜಿನ ಮನೆಯೊಳಗಿನ ಆ ಹೂವಿನ ಕಟ್ಟಡವನ್ನು ಮಾತ್ರ. ಆ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ತೋಟ ಅದಕ್ಕಿಂತಲೂ ಹಳೆಯದು. ಹೈದರಾಲಿ 1760ರಲ್ಲಿ ಶುರು ಮಾಡಿದ್ದನ್ನು ಟಿಪ್ಪು ಸುಲ್ತಾನ್ ಹೊರದೇಶಗಳಿಂದ ಗಿಡ ತರಿಸಿ ಬೆಳೆಸಿದ. ಅಂದರೆ ಮೊದಲು ತೋಟ, ಆಮೇಲೆ ಪ್ರದರ್ಶನ. ನಾವು ತೋಟವೇ ಇಲ್ಲದೆ ಪ್ರದರ್ಶನಕ್ಕೆ ಹೊರಟಿದ್ದೆವು.

ಲಂಡನ್ನಿನ ಚೆಲ್ಸಿಯಲ್ಲಿ 1913ರಿಂದ ದೊಡ್ಡ ಪುಷ್ಪ ಪ್ರದರ್ಶನ ನಡೆಯುತ್ತಿದೆ. ಅಲ್ಲಿ ಬರಿ ಮೈದಾನದಲ್ಲಿ ಕೆಲವೇ ವಾರಗಳಲ್ಲಿ ಇಡೀ ತೋಟಗಳನ್ನೇ ಕಟ್ಟುತ್ತಾರೆ, ಪ್ರದರ್ಶನ ಮುಗಿದ ಮೇಲೆ ಕಿತ್ತು ಹಾಕುತ್ತಾರೆ. ಇದು ದಂಡ ಎಂಬ ಮಾತು ಅಲ್ಲಿಯೂ ಬಂತು. ಈಗ ಆ ತೋಟಗಳನ್ನು ಶಾಲೆ, ಆಸ್ಪತ್ರೆಗಳ ಅಂಗಳಕ್ಕೆ ಸಾಗಿಸಿ ನೆಡುವ ರೂಢಿ ಬೆಳೆದಿದೆ. ನಾವು 900 ರೂಪಾಯಿ ಕೊಟ್ಟು ತಂದೆವಲ್ಲ, ಆ ಹಸಿರು ಸ್ಪಂಜು ಒಂದು ಬಗೆಯ ಪ್ಲಾಸ್ಟಿಕ್, ಮಣ್ಣಿನಲ್ಲಿ ಕರಗುವುದಿಲ್ಲ. ಚೆಲ್ಸಿ ಪ್ರದರ್ಶನ ನಡೆಸುವ ಸಂಸ್ಥೆ 2021ರಿಂದ ಅದನ್ನು ನಿಷೇಧಿಸಿದೆ.

ಅಕೌಂಟೆನ್ಸಿ ತರಗತಿಯಲ್ಲಿ ಕ್ಯಾಪಿಟಲ್ ಖರ್ಚು, ರೆವಿನ್ಯೂ ಖರ್ಚು ಎಂದು ಓದುತ್ತೇವೆ. ವರ್ಷಗಟ್ಟಲೆ ಉಪಯೋಗಕ್ಕೆ ಬರುವುದು ಮೊದಲನೆಯದು, ಆಗಲೇ ತೀರಿ ಹೋಗುವುದು ಎರಡನೆಯದು. ಹೋದ ವರ್ಷ ನಮ್ಮ ತೋಟದ ಖರ್ಚೆಲ್ಲ ಎರಡನೆಯ ಬಗೆಯದು. ಡೆಕೋರೇಶನ್‌ನವರಿಗೆ ಕೊಟ್ಟರೂ ಅದೇ ಕಥೆ, ಮೊತ್ತ ಮಾತ್ರ ದೊಡ್ಡದಾಗುತ್ತದೆ.

ಇನ್ನೊಂದು ತಪ್ಪು ನನ್ನದು. ನಮ್ಮ ಅಡ್ಡಹೆಸರು ಬಾಗವಾನ. ಬಾಗ್ ಎಂದರೆ ತೋಟ, ಬಾಗವಾನ ಎಂದರೆ ತೋಟಗಾರ. ಅಬ್ಬಾ ಸಂತೆಯಲ್ಲಿ ತರಕಾರಿ ಮಾರುತ್ತಾರೆ, ಹಬ್ಬ ಬಂದರೆ ಚೆಂಡು ಹೂ, ಗಲಾಟೆ ಹೂ ಮಾರುತ್ತಾರೆ. ತಳ್ಳುಗಾಡಿಯ ವಿಷಯ ಕ್ಲಬ್ಬಿನಲ್ಲಿ ಬರುವುದು ಬೇಡ ಎಂದು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಎಲ್ಲ ಮುಗಿದ ಮೇಲೆ ಹೇಳಿದಾಗ ಅವರು ನಗಲಿಲ್ಲ. "ಬೇಟಾ, ಹೂವಿಗೆ ತಾರೀಖು ಮೊದಲೇ ಹೇಳಬೇಕು, ಹಿಂದಿನ ದಿನ ಹೇಳಿದರೆ ಅದು ಕೇಳುತ್ತದೆಯೇ?" ಎಂದರಷ್ಟೇ. ಚೆಂಡು ಹೂ ಬೀಜ ಹಾಕಿದ ಸುಮಾರು ಎರಡು ತಿಂಗಳಿಗೆ ಅರಳುತ್ತದೆ, ನಡುವೆ ಕುಡಿ ಚಿವುಟಿದರೆ ಗಿಡ ಕವಲೊಡೆದು ಹೂ ಹೆಚ್ಚು ಬಿಡುತ್ತದೆ, ಸೇವಂತಿಗೆ ಹಗಲು ಸಣ್ಣದಾದಾಗಲೇ ಮೊಗ್ಗು ಕಟ್ಟುತ್ತದೆ ಎಂದು ಬೆರಳು ಎಣಿಸಿ ಹೇಳಿದರು. ನಮ್ಮ ಕ್ಲಬ್ಬಿಗೆ ಬೇಕಾಗಿದ್ದ ತಜ್ಞರು ನಮ್ಮ ಮನೆಯಲ್ಲೇ ಇದ್ದರು. ಹೊಲ ಇರುವ ಎಷ್ಟೋ ಗೆಳತಿಯರ ಮನೆಯಲ್ಲೂ ಇದ್ದಾರೆ.

ಆದ್ದರಿಂದ ನನ್ನ ಸಲಹೆ ಇದು. ಪ್ರದರ್ಶನಕ್ಕೆ ಹೋಗೋಣ, ಆದರೆ ನಮ್ಮ ಎರಿ ಹೊಲವನ್ನೇ ತೆಗೆದುಕೊಂಡು ಹೋಗೋಣ. ಕುಸುಬಿಯ ಕೇಸರಿ ಹೂ, ಕಡಲೆಯ ಪುಟ್ಟ ನೇರಳೆ ಹೂ, ಹತ್ತಿಯ ಹಳದಿ ಹೂ, ಸೂರ್ಯಕಾಂತಿ. ಹಿಂಗಾರಿನಲ್ಲಿ ಬಸ್ಸಿನ ಕಿಟಕಿಯಿಂದ ದಿನಾ ನೋಡುವ ಇವುಗಳನ್ನು ನಾವು ಹೂ ಎಂದೇ ಎಣಿಸಿಲ್ಲ. ಕುಸುಬಿ ಬೇರು ಆಳಕ್ಕೆ ಇಳಿಯುತ್ತದೆ, ಕಿತ್ತು ನೆಟ್ಟರೆ ತಡೆಯುವುದಿಲ್ಲ. ಅದಕ್ಕೇ ಖಾಲಿ ಎಣ್ಣೆ ಡಬ್ಬಗಳ ತಳಕ್ಕೆ ತೂತು ಹೊಡೆದು, ಅಕ್ಟೋಬರ್‌ನಲ್ಲೇ ಡಬ್ಬದೊಳಗೆ ಬೀಜ ಹಾಕಬೇಕು. ಡಬ್ಬ ಕ್ಯಾಂಟೀನಿನಲ್ಲಿ ಸಿಗುತ್ತದೆ, ಬೀಜ ಮನೆಯಲ್ಲಿದೆ. ಅಂಚಿಗೆ ಅಬ್ಬಲಿಗೆ, ಚೆಂಡು ಹೂ ಇರಲಿ. ಪ್ರತಿ ಡಬ್ಬದ ಮೇಲೆ ಬೆಳೆಸಿದವರ ಹೆಸರು ಮತ್ತು ತರಗತಿ ಬರೆಯೋಣ. ಪ್ರದರ್ಶನ ಮುಗಿದ ಮೇಲೆ ಡಬ್ಬಗಳು ಕಾಲೇಜಿಗೆ ವಾಪಸ್ ಬರಲಿ, ಬೀಜ ಮುಂದಿನ ವರ್ಷಕ್ಕೆ ಉಳಿಯಲಿ.

ನೀರು ಎಲ್ಲಿಂದ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕುಡಿಯುವ ನೀರಿಗೇ ಕಾಯುವ ಮನೆಗಳಿಂದ ಬಂದವರು ನಾವು. ಆದರೆ ಕುಸುಬಿ, ಕಡಲೆ ಹೆಚ್ಚು ನೀರು ಕೇಳುವ ಬೆಳೆಗಳಲ್ಲ. ಕೈ ತೊಳೆಯುವ ನಲ್ಲಿಗಳಿಂದ ಗಟಾರಕ್ಕೆ ಹರಿದು ಹೋಗುವ ನೀರನ್ನು ಹಿಡಿದರೆ ಸಾಕು. ರಜೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಹತ್ತಿರವೇ ಇದೆ: ಸರದಿ ಪಟ್ಟಿ. ಮೊದಲ ವಾರಕ್ಕೆ ನನ್ನ ಹೆಸರು ಬರೆದುಕೊಳ್ಳಿ.

ಬಹುಮಾನ ಬರದೇ ಇರಬಹುದು. ಕುಸುಬಿ ಮುಳ್ಳಿನ ಗಿಡ, ಅದರ ಮುಂದೆ ಸೆಲ್ಫಿಗೆ ಯಾರೂ ಸಾಲು ನಿಲ್ಲದೇ ಇರಬಹುದು. ಆದರೆ ಆ ಹಿರಿಯರು ಮತ್ತೆ ಬಂದು ಅದೇ ಪ್ರಶ್ನೆ ಕೇಳಿದರೆ ಈ ಸಲ ಉತ್ತರ ಕೊಡಬಹುದು. ಪ್ರಾಚಾರ್ಯರು ಮತ್ತು ಇಕೋ ಕ್ಲಬ್ಬಿನ ಸರ್ ಅವರಲ್ಲಿ ಒಂದೇ ವಿನಂತಿ: ನಿರ್ಧಾರವನ್ನು ಡಿಸೆಂಬರ್‌ವರೆಗೆ ಎಳೆಯಬೇಡಿ, ಅಕ್ಟೋಬರ್ ಒಳಗೆ ಹೇಳಿ. ಹೂವಿಗೆ ತಾರೀಖು ಮೊದಲೇ ಹೇಳಬೇಕಂತೆ.