ಬೆಟ್ಟದ ನಡುಕ, ಊರಿನ ಹಕ್ಕು

ಜ್ವಾಲಾಮುಖಿ ಸಿಡಿಯುವ ಮುನ್ನ ಬೆಟ್ಟದ ಒಡಲು ನಡುಗುತ್ತದೆ. ಮೇಲೇರುವ ಶಿಲಾರಸವು ಬಂಡೆಯನ್ನು ಸೀಳಿದಾಗ ಏಳುವ ಚುರುಕು ಅಲೆಗಳೇ ಬೇರೆ. ಬಿರುಕುಗಳಲ್ಲಿ ರಸವೂ ಅನಿಲವೂ ಹರಿದಾಡುವಾಗ ಹೊಮ್ಮುವ ನಿಧಾನದ ಅಲೆಗಳೇ ಬೇರೆ. ಭೂಕಂಪಮಾಪಕವು ಎರಡನ್ನೂ ದಾಖಲಿಸುತ್ತದೆ. ಒಂದೇ ಅಲೆಯು ಹಲವು ಮಾಪಕಗಳನ್ನು ಮುಟ್ಟಿದ ಹೊತ್ತನ್ನು ಹೋಲಿಸಿ ನಡುಕದ ಮೂಲವನ್ನೂ ಗುರುತಿಸಬಹುದು.

ಆದರೆ ಇಷ್ಟು ತಿಳಿದರೆ ಸಾಕೆ? ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಪರ್ವತವು ತಿಂಗಳುಗಟ್ಟಲೆ ನಡುಗಿತ್ತು. ಅಪಾಯದ ನಕ್ಷೆಯೂ ಸಿದ್ಧವಾಗಿತ್ತು. 1985ರ ನವೆಂಬರ್ 13ರ ರಾತ್ರಿ ಅದು ಸಿಡಿದಾಗ, ಕರಗಿದ ಹಿಮದೊಡನೆ ಹರಿದ ಕೆಸರು ಅರ್ಮೆರೊ ಪಟ್ಟಣವನ್ನು ಮುಟ್ಟಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಆದರೂ ಪಟ್ಟಣವನ್ನು ತೆರವು ಮಾಡಿಸಲಿಲ್ಲ. ಆ ದುರಂತದಲ್ಲಿ 20,000ಕ್ಕೂ ಹೆಚ್ಚು ಜನ ಮಡಿದರು.

ಫಿಲಿಪ್ಪೀನ್ಸ್‌ನ ಪಿನಾಟುಬೊದಲ್ಲಿ 1991ರಲ್ಲಿ ವಿಜ್ಞಾನಿಗಳು ಮಾಪಕಗಳನ್ನಿಟ್ಟು ಸುಮ್ಮನಾಗಲಿಲ್ಲ. ಅಪಾಯವನ್ನು ಹಂತಹಂತವಾಗಿ ಸಾರಿದರು. ಜ್ವಾಲಾಮುಖಿಯ ಹಾವಳಿಯನ್ನು ವಿಡಿಯೊ ತೋರಿಸಿ ಮನಗಾಣಿಸಿದರು. ಜೂನ್ 15ರ ಮಹಾಸ್ಫೋಟದ ಮುನ್ನವೇ ಹತ್ತಾರು ಸಾವಿರ ಜನ ಬೆಟ್ಟದಿಂದ ದೂರ ಸರಿದಿದ್ದರು. ಸಾವುಗಳಾದವು, ನಿಜ, ಆದರೆ ಸಾವಿರಾರು ಜೀವಗಳು ಉಳಿದವು.

ಮಾಪಕದ ಗೆರೆ ಕಚೇರಿಯ ಕಾಗದದಲ್ಲೇ ಉಳಿದರೆ ಅದು ಬರಿಯ ದಾಖಲೆ. ಬೆಟ್ಟದಡಿಯ ಜನರಿಗೆ ಅವರ ಮಾತಿನಲ್ಲಿ, ಹೊತ್ತು ಮೀರುವ ಮುನ್ನ ಅದು ತಲುಪಲೇಬೇಕು. ಅದು ಅಧಿಕಾರಿಗಳು ತೋರುವ ಕೃಪೆಯಲ್ಲ, ಜನರ ಹಕ್ಕು.